ಬೇಸಿಗೆ ರಜೆ ಯಾರ ಜಮೀನಿನಲ್ಲಿತ್ತು?



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಪರೀಕ್ಷೆಗಳು ಮುಗಿದು ಶಾಲೆಗಳ ಬಾಗಿಲು ಮುಚ್ಚಿರುತ್ತದೆ. ಯುಗಾದಿಯ ಬೇವು-ಬೆಲ್ಲ ಹಂಚಿಯಾಗಿದೆ. ಹೊನ್ನಾರು ಹೂಡಿದ ನೇಗಿಲು ಮತ್ತೆ ಕೊಟ್ಟಿಗೆ ಸೇರಿ ಭರಣಿಯ ಮಳೆಗಾಗಿ ಕಾಯುತ್ತಿದೆ. ಬಿರುಬಿಸಿಲಿನ ನಡುವೆಯೂ ಹೊಂಗೆಯ ಮರಗಳು ಎಳೆಹಸಿರು ತುಂಬಿಕೊಂಡು ನಿಂತಿವೆ. ಪ್ರತಿವರ್ಷ ಈ ಹೊತ್ತಿನಲ್ಲಿ ನಮ್ಮ ಹಳ್ಳಿಗಳ ಜಗುಲಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ನಮ್ಮ ಕಾಲದ ಬೇಸಿಗೆ ರಜೆಯೇ ಬೇರೆ, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ.

ನಲವತ್ತು, ಐವತ್ತು ದಾಟಿದವರ ನೆನಪಿನಲ್ಲಿ ಆ ರಜೆ ಏಪ್ರಿಲ್ 10ರಂದು ಆರಂಭವಾಗುತ್ತದೆ. ಅಂದು ಶಾಲೆಯಲ್ಲಿ ಪಾಸು-ಫೇಲು ತಿಳಿದುಕೊಂಡು ಬಂದು ಪುಸ್ತಕದ ಚೀಲವನ್ನು ಗೂಟಕ್ಕೆ ತಗುಲಿಹಾಕಿದರೆ, ಅದು ಕೆಳಗಿಳಿಯುತ್ತಿದ್ದುದು ಮುಂಗಾರಿನ ಮೋಡ ಕಟ್ಟುವ ದಿನಗಳಲ್ಲಿ. ನಡುವಿನ ದಿನಗಳೆಲ್ಲ ಅಜ್ಜಿಯ ಊರಿಗೆ, ಕೆರೆಗೆ, ತೋಪಿಗೆ, ಬೆಟ್ಟಕ್ಕೆ ಸೇರಿದ್ದವು. ಬೆಳಗಿನ ಅಂಬಲಿ ಕುಡಿದು ಹೊರಟ ಮಕ್ಕಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ.

ಈ ಹಳಹಳಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹಳಹಳಿಕೆ ಅಲ್ಲಿಗೇ ನಿಂತರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಮಾತು ಕೊನೆಗೆ ಮಕ್ಕಳನ್ನು ದೂರುವುದರಲ್ಲಿ, ಮೊಬೈಲನ್ನು ಶಪಿಸುವುದರಲ್ಲಿ ಮುಗಿಯುತ್ತದೆ. ಬೇಸಿಗೆ ಕಳೆದುಹೋದದ್ದು ಮಕ್ಕಳ ಮನಸ್ಸು ಕೆಟ್ಟಿದ್ದರಿಂದಲೇ? ಅಥವಾ ಆ ಬೇಸಿಗೆ ನಿಂತಿದ್ದ ನೆಲವೇ ಕೈತಪ್ಪಿಹೋಗಿದೆಯೇ? ಈ ಪ್ರಶ್ನೆಯನ್ನು ಈ ಬಾರಿ ಸ್ವಲ್ಪ ಗಂಭೀರವಾಗಿ ಕೇಳಿಕೊಳ್ಳೋಣ.

ಮಾತು ಗಾಳಿಯಲ್ಲಿ ತೇಲಬಾರದೆಂಬ ಕಾರಣಕ್ಕೆ ಒಂದು ಸೀಮೆಯನ್ನು ಕಣ್ಣ ಮುಂದಿರಿಸಿಕೊಳ್ಳುತ್ತೇವೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಮತ್ತು ಅದರ ಸುತ್ತಲಿನ ಹಳ್ಳಿಗಳು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನಾಡು ಇದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬೆಟ್ಟಗಳೆಲ್ಲ ಒಂದೇ ಬಂಡೆಯ ಬಳಗ. ಭೂವಿಜ್ಞಾನಿಗಳು ಈ ಕಲ್ಲಿಗೆ ರಾಮನಗರದ ಹಳೆಯ ಹೆಸರಿನಿಂದಲೇ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮೇಲೆ ಬೋಳುಬಂಡೆ, ಇಳಿಜಾರಿನಲ್ಲಿ ಕುರುಚಲು ಕಾಡು, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ-ತೋಟ, ಉಳಿದದ್ದು ರಾಗಿಯ ಹೊಲ ಮತ್ತು ಹಿಪ್ಪುನೇರಳೆ. ಮಲೆನಾಡಿನಂತೆ ಮಳೆ ಸುರಿಯುವ ಸೀಮೆಯಲ್ಲ. ಇಂಥ ಬಡ ನೆಲದಲ್ಲಿ ಬೇಸಿಗೆಯೆಂದರೆ ಕೊರತೆಯ ಕಾಲ. ಆದರೂ ಇಲ್ಲಿ ಬೆಳೆದವರು ಆ ಕಾಲವನ್ನೇ ಸಮೃದ್ಧಿಯ ಕಾಲವೆಂದು ನೆನೆಯುತ್ತಾರೆ. ಇದು ಹೇಗೆ ಸಾಧ್ಯವಾಯಿತು?

ಮೊದಲು ಹಸಿವಿನ ಲೆಕ್ಕ ನೋಡೋಣ. ಹುಣಸೆ ಬಡಿಯುವ ದಿನಗಳಿಂದ ಮಕ್ಕಳ ಬೇಸಿಗೆ ಶುರು. ಅದರ ಬೆನ್ನಿಗೆ ಬೇಲಿಸಾಲಿನ ಸೀಮೆಹುಣಸೆ. ಬೆಟ್ಟದ ಇಳಿಜಾರಿನಲ್ಲಿ ತೂಬರೆ, ಮೇ ತಿಂಗಳಿಗೆ ಕವಳೆ, ಹಳ್ಳದ ದಂಡೆಯಲ್ಲಿ ಈಚಲು, ಮುಂಗಾರು ಇಳಿಯುವಾಗ ನೇರಳೆ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಾಲಿಗೆಗೆ ಬಣ್ಣ ಹತ್ತಿಸುವ ಕಪ್ಪು ಹಣ್ಣು. ಇನ್ನು ಮಾವು. ಈ ಜಿಲ್ಲೆಯ ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ ರಾಜ್ಯದ ಮಾರುಕಟ್ಟೆಗೆ ಮೊದಲು ಬರುವ ಹಣ್ಣುಗಳ ಸಾಲಿನಲ್ಲಿವೆ. ತೋಪಿನ ನಾಟಿ ಮಾವಿನ ಮರ ಮಾತ್ರ ಯಾರ ಮಾರುಕಟ್ಟೆಗೂ ಹೋಗುತ್ತಿರಲಿಲ್ಲ. ಗಾಳಿಗೆ ಉದುರಿದ ಕಾಯಿ ಹೆಕ್ಕಿದವರದು.

ನೀರಿನ ಲೆಕ್ಕ ಇನ್ನೊಂದು. ಬೇಸಿಗೆಗೆ ಕೆರೆ ಬತ್ತುತ್ತಿತ್ತು. ಬತ್ತಿದ ಕೆರೆಯೂ ಊರಿಗೆ ಆಸ್ತಿಯಾಗಿತ್ತು. ನೀರು ಮಂಡಿಯುದ್ದಕ್ಕೆ ಇಳಿದಾಗ ಊರೆಲ್ಲ ಇಳಿದು ಮೀನು ಹಿಡಿಯುತ್ತಿತ್ತು. ಪೂರಾ ಒಣಗಿದ ಮೇಲೆ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ, ಒಂದೇ ಕೆಲಸದಲ್ಲಿ ಎರಡು ಲಾಭ. ಮಕ್ಕಳಿಗೆ ಆ ಕೆರೆಯಂಗಳವೇ ಆಟದ ಬಯಲು. ಈಜು ಕಲಿಯಲು ಮೆಟ್ಟಿಲಿದ್ದ ಬಾವಿಗಳಿದ್ದವು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ ಮಕ್ಕಳನ್ನು ನೀರಿಗಿಳಿಸುವ ಅಣ್ಣಂದಿರು, ಮಾವಂದಿರು ದಡದಲ್ಲೇ ನಿಂತಿರುತ್ತಿದ್ದರು.

ಇನ್ನು ನೆರಳು. ಹಳೆಯ ಮೈಸೂರು ಸೀಮೆಯ ಕಂದಾಯ ದಾಖಲೆಗಳಲ್ಲಿ ಗುಂಡುತೋಪು ಎಂಬ ಪ್ರತ್ಯೇಕ ಬಾಬ್ತೇ ಇದೆ. ಊರ ಹೊರಗೆ ಮಾವು, ಹಿಪ್ಪೆ, ಹುಣಸೆ, ಹೊಂಗೆ, ನೇರಳೆಗಳನ್ನು ಬೆಳೆಸಿ ದಾರಿಹೋಕರಿಗೆ, ದನಗಳಿಗೆ, ಜಾತ್ರೆಯ ಗಾಡಿಗಳಿಗೆ ಬಿಟ್ಟ ನೆಲ ಅದು. ನಡುಹಗಲಿನ ಮರಕೋತಿ ಆಟಕ್ಕೆ ಅದೇ ಅಖಾಡ. ಆಟದ ಸಾಮಾನುಗಳೂ ಅಲ್ಲಿಯೇ ಹುಟ್ಟುತ್ತಿದ್ದವು. ಚಿನ್ನಿದಾಂಡಿಗೆ ಬೇಲಿಯ ಕೋಲು, ಅಳಿಗುಳಿಮಣೆಗೆ ಹುಣಸೆಬೀಜ, ಚೌಕಾಬಾರಕ್ಕೆ ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗಾಗಿಸಿದ ಅದೇ ಹುಣಸೆಬೀಜ. 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆ, ಬುಗುರಿಗಳ ಮೂಲವೂ ಇದೇ ಕುರುಚಲು ಕಾಡಿನ ಮೃದುವಾದ ಹಾಲೆಮರ. ಅದಕ್ಕೆ ಅರಗಿನ ಬಣ್ಣ, ಹೊಳಪಿಗೆ ಕೇದಗೆಯ ಎಲೆ. ಆಟಿಕೆಯ ಊರೆಂಬ ಕೀರ್ತಿ ಚನ್ನಪಟ್ಟಣಕ್ಕೆ ಬಂದದ್ದು ಕುಶಲಕರ್ಮಿಗಳ ಕೈಯಿಂದ ಮತ್ತು ಈ ಕಾಡಿನ ಮರದಿಂದ.

ಈಗ ಈ ಪಟ್ಟಿಯನ್ನು ಮತ್ತೊಮ್ಮೆ ಓದಿ. ಇದರಲ್ಲಿ ದುಡ್ಡು ಕೊಟ್ಟು ಪಡೆದದ್ದು ಬಹಳ ಕಡಿಮೆ. ಹಾಗೆಂದ ಮಾತ್ರಕ್ಕೆ ಇದಕ್ಕೆ ಒಡೆತನವಿರಲಿಲ್ಲವೆಂದಲ್ಲ. ಪ್ರತಿಯೊಂದಕ್ಕೂ ಊರಿನ ನಕ್ಷೆಯಲ್ಲಿ ಒಂದು ಸರ್ವೆ ನಂಬರಿದೆ. ಕೆರೆ ಮತ್ತು ಕೆರೆಯಂಗಳ, ಗುಂಡುತೋಪು, ಗೋಮಾಳ, ಹಳ್ಳದ ಖರಾಬು, ಬಂಡಿದಾರಿ, ಬೆಟ್ಟದ ಕಾವಲು. ಸುಗ್ಗಿ ಮುಗಿದ ಮೇಲೆ ಖಾಸಗಿ ಹೊಲಗಳೂ ಕೆಲವು ತಿಂಗಳು ದನಗಳಿಗೂ ಮಕ್ಕಳಿಗೂ ತೆರೆದಿರುತ್ತಿದ್ದವು. ನಮ್ಮ ಹಿರಿಯರು ಸರಳ ಬಾಲ್ಯವೆಂದು ಕರೆಯುವುದು ಊರೊಟ್ಟಿನ ಈ ಆಸ್ತಿಯ ಮೇಲೆ ನಿಂತಿತ್ತು. ಮನೆಯೊಳಗೆ ಬಡತನವಿದ್ದರೂ ಮನೆಯ ಹೊಸಿಲು ದಾಟಿದರೆ ಮಗುವಿಗೆ ಹತ್ತಾರು ಎಕರೆಯ ಹಕ್ಕಿತ್ತು.

ಆ ಆಸ್ತಿ ತನ್ನಷ್ಟಕ್ಕೆ ತಾನೇ ಉಳಿದಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಲು ನೀರುಗಂಟಿ ಇದ್ದ. ಗೋಡು ತೆಗೆಯಲು, ಕಾಲುವೆ ಸರಿಪಡಿಸಲು ಊರಿನ ಕಟ್ಟಳೆಯಿತ್ತು. ಹಸಿಮರ ಕಡಿದವನಿಗೆ ಊರಿನ ಎದುರು ಉತ್ತರ ಹೇಳಬೇಕಾಗುತ್ತಿತ್ತು. ಎಲ್ಲರದೂ ಆದದ್ದು ಯಾರದೂ ಅಲ್ಲದಂತಾಗಿ ಹಾಳಾಗುತ್ತದೆಂಬ ವಾದ ಅರ್ಥಶಾಸ್ತ್ರದಲ್ಲಿ ಬಹುಕಾಲ ನಡೆಯಿತು. ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಹಲವು ದೇಶಗಳ ಕಾಡು, ಹುಲ್ಲುಗಾವಲು, ನೀರಾವರಿ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ, ಬಳಸುವವರೇ ಕಟ್ಟಳೆ ಮಾಡಿಕೊಂಡು ಸಾಮೂಹಿಕ ಸಂಪತ್ತನ್ನು ತಲೆಮಾರುಗಳವರೆಗೆ ಕಾಯಬಲ್ಲರೆಂದು ತೋರಿಸಿದರು. ಅದಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ನಮ್ಮ ನೀರುಗಂಟಿಗೆ ಯಾವ ಪುರಸ್ಕಾರವೂ ಬರಲಿಲ್ಲ, ಆದರೆ ಅವನು ನಡೆಸುತ್ತಿದ್ದುದು ಇದೇ ಕಾಯಕವನ್ನು.

ಇಲ್ಲಿ ಒಂದು ಕಹಿ ಸತ್ಯವನ್ನು ಹೇಳದೆ ಮುಂದೆ ಹೋಗಲಾಗದು. ಆ ಬೇಸಿಗೆ ಎಲ್ಲ ಮಕ್ಕಳದೂ ಆಗಿರಲಿಲ್ಲ. ಮೇಲ್ಜಾತಿಯ ಮಕ್ಕಳು ಈಜು ಕಲಿತ ಬಾವಿಯನ್ನು ದಲಿತ ಕೇರಿಯ ಮಕ್ಕಳು ಮುಟ್ಟುವಂತಿರಲಿಲ್ಲ. ಊರೊಟ್ಟಿನದೆಂಬ ಮಾತಿನಲ್ಲಿ ಊರೆಂದರೆ ಯಾರು ಎಂಬ ಪ್ರಶ್ನೆ ಯಾವಾಗಲೂ ಇತ್ತು. ಗಂಡುಹುಡುಗರು ಮರ ಹತ್ತುವಾಗ ಅವರ ಅಕ್ಕ-ತಂಗಿಯರು ಸಂಡಿಗೆ-ಹಪ್ಪಳಕ್ಕೆ ಕಾವಲು ಕೂರುತ್ತಿದ್ದರು, ಕೂಸು ಎತ್ತುತ್ತಿದ್ದರು, ದೂರದಿಂದ ನೀರು ಹೊರುತ್ತಿದ್ದರು. ಜೀತಕ್ಕಿದ್ದ ಹುಡುಗನಿಗೆ ಏಪ್ರಿಲ್ 10 ಎಂಬ ದಿನವೇ ಇರಲಿಲ್ಲ. ಜೀತ ಪದ್ಧತಿಯನ್ನು ನಿಷೇಧಿಸಿದ ಕಾನೂನು ಬಂದದ್ದು 1976ರಲ್ಲಿ. ಅದಾದ ಎಷ್ಟೋ ವರ್ಷಗಳ ನಂತರವೂ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ ಕುದಿನೀರಿನ ಮುಂದೆ ಮಕ್ಕಳು ದುಡಿಯುತ್ತಿದ್ದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ದಿಮೆಯ ಬಾಲಜೀತದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇತ್ತು. ಆದ್ದರಿಂದ ಹಳೆಯ ಬೇಸಿಗೆಯನ್ನು ಇದ್ದಂತೆಯೇ ಮರಳಿ ತನ್ನಿರೆಂದು ನಾವು ಕೇಳುವುದಿಲ್ಲ. ಆ ನೆಲ ಉಳಿಯಬೇಕು, ಮತ್ತು ಈ ಸಲ ಅದರ ಬಾಗಿಲು ಎಲ್ಲ ಕೇರಿಗಳ, ಎಲ್ಲ ಹೆಣ್ಣುಮಕ್ಕಳ ಪಾಲಿಗೂ ತೆರೆದಿರಬೇಕು.

ನೆಲ ಉಳಿದಿದೆಯೇ? ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣಭೂಮಿಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. 1950ರ ದಶಕದ ಆರಂಭದಿಂದ ಮೂರು ದಶಕಗಳಲ್ಲಿ ಬಹುಪಾಲು ಹಳ್ಳಿಗಳ ಸಾಮೂಹಿಕ ಭೂಮಿ ಸರಿಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕುಗ್ಗಿತ್ತೆಂದು ಅವರು ಕಂಡುಕೊಂಡರು. ಸೌದೆ, ಮೇವುಗಳಿಗೆ ಆ ನೆಲವನ್ನೇ ಹೆಚ್ಚಾಗಿ ಅವಲಂಬಿಸಿದ್ದವರು ಬಡವರು. ಬೆಂಗಳೂರಿನ ನೆರಳು ಇನ್ನೂ ಈ ಕಡೆಗೆ ಪೂರ್ತಿ ಚಾಚಿರದ ಕಾಲದ ಮಾತು ಇದು.

ನಮ್ಮ ಸೀಮೆಯಲ್ಲಿ ಆಮೇಲೆ ನಡೆದದ್ದನ್ನು ನೀವೇ ಕಂಡಿದ್ದೀರಿ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಮೀಸಲಿರಬೇಕು. ಗೋಮಾಳದ ಒಂದು ಭಾಗ ಭೂಮಿಯಿಲ್ಲದ ಕುಟುಂಬಗಳಿಗೆ ಬಗರ್ ಹುಕುಂ ಮೂಲಕ ಸಿಕ್ಕಿತು. ಅದರಲ್ಲಿ ನ್ಯಾಯವಿತ್ತು. ಆದರೆ ಬಲವಿದ್ದವರು ಬೇಲಿ ಸರಿಸಿ ಒಳಗೆ ಹಾಕಿಕೊಂಡ ಭಾಗಕ್ಕೆ ಯಾವ ನ್ಯಾಯದ ಹೆಸರೂ ಇಲ್ಲ. ಗುಂಡುತೋಪಿನ ಜಾಗದಲ್ಲಿ ಕಟ್ಟಡಗಳು, ನಿವೇಶನಗಳು ಎದ್ದವು. ಬೆಟ್ಟದ ಬುಡಕ್ಕೆ ಕ್ವಾರಿ ಬಂತು. ಅಭಿವೃದ್ಧಿಯ ಭರಾಟೆಯಲ್ಲಿ ಪ್ರತಿಯೊಂದೂ ತುಂಡುತುಂಡಾಗಿ ಹೋದ್ದರಿಂದ ಯಾವ ತುಂಡು ಹೋದಾಗಲೂ ಊರು ಎದ್ದು ಕೂರಲಿಲ್ಲ. ಉಳಿದ ಕುರುಚಲು ಕಾಡಿನೊಳಗೆ ಲಂಟಾನ ನುಗ್ಗಿ ಕವಳೆ, ತೂಬರೆಗಳ ಜಾಗ ಹಿಡಿಯಿತು. ಕಬ್ಬಾಳು, ತೆಂಗಿನಕಲ್ಲು ಕಾಡುಗಳ ಕಡೆಯಿಂದ ಆನೆಗಳು ಮಾವು, ಬಾಳೆ, ತೆಂಗಿನ ತೋಟಗಳಿಗೆ ಇಳಿಯುತ್ತಿವೆ. ಮುಸ್ಸಂಜೆಯ ಮೇಲೆ ಮಕ್ಕಳನ್ನು ಹೊರಗೆ ಬಿಡಲು ತಾಯಂದಿರು ಅಂಜುವಂತಾಗಿದೆ. ಆ ಅಂಜಿಕೆ ಸುಳ್ಳಲ್ಲ.

ನೀರಿನ ಕಥೆ ಇನ್ನೂ ವಿಚಿತ್ರವಾದದ್ದು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ಮಕ್ಕಳಿಗೆ ಈಜು ಕಲಿಸಿದ ಬಾವಿ ಹೋಗಿ, ಮಗುವನ್ನು ನುಂಗುವ ಬಾವಿ ಬಂತು. ನೀರು ಬಾರದೆ ಬಿಟ್ಟ ಕೊಳವೆಬಾವಿಗಳ ಬಾಯಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚನೆಗಳನ್ನು ನೀಡಿತು. ಆದರೂ 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಕೂಸೊಂದು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಹೋರಾಟದ ನಂತರ ಬದುಕಿ ಬಂತು. ಎಲ್ಲ ಮಕ್ಕಳಿಗೂ ಅಂಥ ಅದೃಷ್ಟವಿಲ್ಲ. ಕೈಬಿಟ್ಟ ಕ್ವಾರಿಯ ಹೊಂಡ, ಅಕ್ರಮವಾಗಿ ಮಣ್ಣು ಬಗೆದು ಎಲ್ಲೆಂದರಲ್ಲಿ ಗುಂಡಿ ಬಿದ್ದ ಕೆರೆ, ಪ್ಲಾಸ್ಟಿಕ್ ಹಾಳೆ ಹಾಸಿದ ಜಾರುವ ಕೃಷಿಹೊಂಡ, ಇವು ಪ್ರತಿ ಬೇಸಿಗೆಯಲ್ಲೂ ಮಕ್ಕಳ ಜೀವ ತೆಗೆಯುತ್ತಿವೆ. 5ರಿಂದ 14 ವರ್ಷದ ಮಕ್ಕಳ ಸಾವಿನ ಪ್ರಮುಖ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು ಕಲಿಸಬೇಕೆಂಬುದು ಅದರ ಸಲಹೆ. ನಮ್ಮ ಹಳ್ಳಿಗಳು ಯಾರ ಸಲಹೆಯೂ ಇಲ್ಲದೆ ಸೋರೆಬುರುಡೆ ಕಟ್ಟಿ ಮಾಡುತ್ತಿದ್ದ ಕೆಲಸವದು.

ಒಳ್ಳೆಯದು ಏನೂ ಆಗಿಲ್ಲವೆಂದರೆ ತಪ್ಪಾದೀತು. ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದ ಯೋಜನೆಯಿಂದ ಹಲವು ಊರುಗಳಲ್ಲಿ ಬೇಸಿಗೆಯಲ್ಲೂ ಕೆರೆಗಳು ನೀರು ಕಂಡವು, ಅಂತರ್ಜಲಕ್ಕೆ ಜೀವ ಬಂತು. ಆದರೆ ಕೆರೆಗೆ ನೀರು ತರುವುದು ಬೇರೆ, ಕೆರೆಯನ್ನು ಊರಿಗೆ ಮರಳಿಸುವುದು ಬೇರೆ. ಕೊಳವೆಯಲ್ಲಿ ಬಂದ ನೀರಿನ ಜೊತೆಗೆ ನೀರುಗಂಟಿಯ ಕಟ್ಟಳೆ ಬರಲಿಲ್ಲ. ರಾಜಕಾಲುವೆಗಳ ಒತ್ತುವರಿ ತೆರವಾಗಲಿಲ್ಲವಾದರೆ, ಮಕ್ಕಳು ಇಳಿಯಲು ಒಂದು ಸುರಕ್ಷಿತ ಮೆಟ್ಟಿಲೂ ಇಲ್ಲವಾದರೆ, ತುಂಬಿದ ಕೆರೆಯೂ ದಡದಲ್ಲಿ ನಿಂತು ನೋಡುವ ಚಿತ್ರವಾಗುತ್ತದೆ.

ಇದೆಲ್ಲದರ ಮೇಲೆ ಬಿಸಿಲೂ ಹಳೆಯ ಬಿಸಿಲಾಗಿ ಉಳಿದಿಲ್ಲ. ಬೆಂಗಳೂರಿನ ಉಷ್ಣಾಂಶ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಮುಟ್ಟಿ ದಾಖಲೆ ಬರೆಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿಗೇರಿತು. ಅದಕ್ಕೆ ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಹಿಂದೆಂದಿಗಿಂತ ಹೆಚ್ಚು ನೆರಳು ಬೇಕಾದ ಕಾಲದಲ್ಲಿ ನಮ್ಮ ಕೈಯಲ್ಲಿ ಹಿಂದೆಂದಿಗಿಂತ ಕಡಿಮೆ ನೆರಳಿದೆ. ಪಟ್ಟಣದಲ್ಲಿ ದುಡ್ಡಿದ್ದವರು ತಂಪನ್ನು ಕೊಂಡುಕೊಳ್ಳುತ್ತಾರೆ. ಕುರಿ ಮೇಯಿಸುವವರು, ಕೂಲಿಗೆ ಹೋಗುವವರು, ತಗಡಿನ ಸೂರಿನಡಿ ಇರುವವರು ಎಲ್ಲಿಗೆ ಹೋಗಬೇಕು? ಅವರ ಪಾಲಿಗೆ ಗುಂಡುತೋಪು ಹಳೆಯ ನೆನಪಷ್ಟೇ ಅಲ್ಲ, ನಾಳೆಯ ಔಷಧ.

ನೆರಳಿನ ಮಾತು ಬಂದಾಗ ಈ ನಾಡಿನ ಒಬ್ಬ ತಾಯಿಯನ್ನು ನೆನೆಯದಿರಲಾಗದು. ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ತಮ್ಮ ಪತಿ ಚಿಕ್ಕಯ್ಯನವರೊಂದಿಗೆ ಹುಲಿಕಲ್-ಕುದೂರು ದಾರಿಯ ಸುಮಾರು 4 ಕಿ.ಮೀ. ಉದ್ದಕ್ಕೂ ಆಲದ ಸಸಿ ನೆಟ್ಟು, ಬೇಸಿಗೆಯಲ್ಲಿ ನೀರು ಹೊತ್ತು ಹಾಕಿ ಮರ ಮಾಡಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲೀಕರಣದಲ್ಲಿ ಆ ಆಲದ ಮರಗಳೇ ಉರುಳುವ ಭೀತಿ ಎದುರಾಗಿ, ಅವುಗಳನ್ನು ಉಳಿಸಿಕೊಡಿರೆಂದು ಅವರು ಮುಖ್ಯಮಂತ್ರಿಗಳ ಬಳಿ ಹೋಗಿ ಕೇಳಬೇಕಾಯಿತು. 2025ರ ನವೆಂಬರ್ 14ರಂದು ಅವರು ನಮ್ಮನ್ನಗಲಿದರು. ಅಕ್ಷರ ಕಲಿಯದ, ಸ್ವಂತ ಜಮೀನಿಲ್ಲದ ಕೂಲಿ ಹೆಂಗಸೊಬ್ಬರು ಸಾರ್ವಜನಿಕ ದಾರಿಯನ್ನೇ ತಮ್ಮ ಹೊಲವೆಂದು ಬಗೆದರು. ಅವರ ಹೆಸರನ್ನು ಪಾಠದಲ್ಲಿ ಓದಿ ಪರೀಕ್ಷೆ ಬರೆದರೆ ನಮ್ಮ ಕರ್ತವ್ಯ ಮುಗಿಯಿತೇ?

ಊರೊಟ್ಟಿನ ನೆಲಕ್ಕಾಗಿ ಕರ್ನಾಟಕದ ಜನ ಎದ್ದುನಿಂತು ಗೆದ್ದ ನಿದರ್ಶನವೂ ಉಂಟು. 1980ರ ದಶಕದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲೆಂದು ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ ಒಪ್ಪಿಸಲಾಯಿತು. ದನ ಮೇಯುತ್ತಿದ್ದ, ಸೌದೆ ಆಯುತ್ತಿದ್ದ ನೆಲ ಒಂದು ಸಹಿಯಲ್ಲಿ ಕೈಬಿಟ್ಟಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಸೇರಿ, ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಹೋರಾಟ ನ್ಯಾಯಾಲಯದಲ್ಲೂ ಬೀದಿಯಲ್ಲೂ ಮುಂದುವರಿದು, 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ಆ ದಿನ ಮಕ್ಕಳ ದಿನಾಚರಣೆಯೂ ಆಗಿತ್ತೆಂಬುದು ನಮಗಂತೂ ಅರ್ಥಪೂರ್ಣವಾಗಿ ಕಾಣುತ್ತದೆ.

ಇಂದು ಕಾನೂನೂ ನಮ್ಮ ಕಡೆಗಿದೆ. 2011ರ ಜನವರಿ 28ರಂದು ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಳ್ಳಿಗಳ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಊರಿಗೆ ಮರಳಿಸಲು ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯ ಸರ್ಕಾರಗಳಿಗೂ ಆದೇಶಿಸಿತು. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೊಡನೆ ಕುಳಿತು ಜೀವವೈವಿಧ್ಯ ದಾಖಲಾತಿ ಪುಸ್ತಕ ಸಿದ್ಧಪಡಿಸಬೇಕು. ಆದರೆ ಕಚೇರಿಯಲ್ಲೇ ಕುಳಿತು ಬರೆದ ದಾಖಲಾತಿಯಲ್ಲಿ ಕವಳೆಗಿಡವಿರುವ ತಿಟ್ಟು ಯಾವುದೆಂದು ಕಾಣುವುದಿಲ್ಲ. ಅದು ಗೊತ್ತಿರುವುದು ಬೇಸಿಗೆಯನ್ನು ಆ ತಿಟ್ಟಿನಲ್ಲಿ ಕಳೆದವರಿಗೆ ಮಾತ್ರ. ಹಳಹಳಿಕೆಗೆ ಒಂದು ಉಪಯೋಗವಿದ್ದರೆ ಅದು ಇದೇ. ಹಿರಿಯರ ನೆನಪು ಒಂದು ಸಾಕ್ಷ್ಯ. ಆ ಸಾಕ್ಷ್ಯ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಆದ್ದರಿಂದ ಈ ರಜೆಯಲ್ಲಿ ನಿಮ್ಮಿಂದ ಒಂದು ಕೆಲಸವನ್ನು ನಿರೀಕ್ಷಿಸುತ್ತೇವೆ. ಒಂದು ನೋಟುಬುಕ್ಕು ಹಿಡಿದು ನಿಮ್ಮ ಅಜ್ಜ-ಅಜ್ಜಿಯರ ಬಳಿ ಕುಳಿತುಕೊಳ್ಳಿ. ಅವರು ಎಲ್ಲಿ ಈಜು ಕಲಿತರು, ಎಲ್ಲಿ ಹಣ್ಣು ಕಿತ್ತರು, ದನಗಳನ್ನು ಎಲ್ಲಿಗೆ ಹೊಡೆದರು ಎಂದು ಕೇಳಿ ಬರೆದುಕೊಳ್ಳಿ. ಎಲ್ಲ ಕೇರಿಗಳಿಗೂ ಹೋಗಿ. ಎಲ್ಲಿಗೆ ಹೋಗಲು ಬಿಡುತ್ತಿರಲಿಲ್ಲವೆಂಬುದನ್ನೂ ಕೇಳಿ, ಅಜ್ಜಿಯರ ಉತ್ತರವನ್ನು ಅಜ್ಜಂದಿರ ಉತ್ತರದಷ್ಟೇ ಕಾಳಜಿಯಿಂದ ಬರೆಯಿರಿ. ಸಾಧ್ಯವಾದರೆ ಬೆಳಗಿನ ತಂಪಿನಲ್ಲಿ ಅವರನ್ನೇ ಕರೆದುಕೊಂಡು ಆ ಜಾಗಗಳಿಗೆ ನಡೆಯಿರಿ. ನೀರಿರುವ ಕಡೆಗೆ ದೊಡ್ಡವರಿಲ್ಲದೆ ಹೋಗಬೇಡಿ. ಅಕ್ಕೂರಾಗಲಿ ಬೇರೆ ಊರಾಗಲಿ, ಗ್ರಾಮನಕ್ಷೆ ಸಿಗುತ್ತದೆ. ನೀವು ನಿಂತ ಜಾಗದ ಸರ್ವೆ ನಂಬರನ್ನು ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೋರಿಸುತ್ತದೆ. ಮೊಬೈಲನ್ನು ಶಪಿಸುವ ಬದಲು ಅದಕ್ಕೊಂದು ಒಳ್ಳೆಯ ಕೆಲಸ ಕೊಟ್ಟಂತಾಗುತ್ತದೆ. ಆ ಜಾಗ ದಾಖಲೆಯಲ್ಲಿ ಏನೆಂದಿದೆ, ನೆಲದ ಮೇಲೆ ಏನಾಗಿದೆ ಎಂದು ಎರಡು ಕಾಲಮ್ಮುಗಳಲ್ಲಿ ಬರೆಯಿರಿ. ಬಾಯಿ ತೆರೆದ ಕೊಳವೆಬಾವಿ, ಬೇಲಿಯಿಲ್ಲದ ಕ್ವಾರಿ ಹೊಂಡ ಕಂಡರೆ ಅದನ್ನು ಪಟ್ಟಿಗೆ ಸೇರಿಸಿ ಅಂದೇ ಪಂಚಾಯಿತಿಗೆ ತಿಳಿಸಿ.

ದೊಡ್ಡವರಿಗೂ ಕೆಲಸವಿದೆ. ಈಜು ಬಲ್ಲ ನಾಲ್ವರು ಸೇರಿದರೆ ಊರಿನ ಒಂದು ಸುರಕ್ಷಿತ ಬಾವಿಯನ್ನೋ ಕಲ್ಯಾಣಿಯನ್ನೋ ಶುಚಿ ಮಾಡಿ, ವಾರಕ್ಕೆರಡು ದಿನ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈಜು ಕಲಿಸಬಹುದು. ಹೊಂಗೆ, ಹಿಪ್ಪೆ, ನೇರಳೆ, ಹಾಲೆಮರಗಳ ಸಸಿ ಮಾಡಿಕೊಂಡು, ಮುಂಗಾರು ಬಿದ್ದೊಡನೆ ಉಳಿದಿರುವ ತೋಪಿನ ಬಯಲು ತುಂಬಬಹುದು. ಮುಂದಿನ ಎರಡು ಬೇಸಿಗೆ ನೀರು ಹೊರುವವರು ಯಾರೆಂದು ಮೊದಲೇ ತೀರ್ಮಾನಿಸಿಕೊಂಡೇ ಸಸಿ ನೆಡಬೇಕು. ಹುಲಿಕಲ್ಲಿನ ಮರಗಳು ಬದುಕಿದ್ದು ನೆಟ್ಟ ದಿನದ ಸಮಾರಂಭದಿಂದಲ್ಲ, ಹೊತ್ತ ಬಿಂದಿಗೆಗಳಿಂದ.

ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸುತ್ತೋಲೆ ಕರ್ನಾಟಕದಲ್ಲಿ 2006ರಿಂದಲೇ ಇದೆ. ಸಾಮಾನ್ಯವಾಗಿ ಅದು ನವೆಂಬರಿನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುತ್ತದೆ. ಅಷ್ಟರಲ್ಲಿ ನಿಮ್ಮ ನೋಟುಬುಕ್ಕು ಸಿದ್ಧವಾಗಿರಲಿ. ಗುಂಡುತೋಪಿನ ಸರ್ವೆ ನಂಬರನ್ನು ಓದಿ, ಅದರ ಅಳತೆ ಮಾಡಿ ಗಡಿಕಲ್ಲು ನೆಡಿಸಿರೆಂದು ಹದಿಮೂರು ವರ್ಷದ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದುನಿಂತು ಕೇಳಿದರೆ, ಪಂಚಾಯಿತಿ ಆ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಬಂದ ಪಟ್ಟಿಗಳನ್ನು ಊರಿನ ಹೆಸರಿನೊಂದಿಗೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.